ಬೀ ರಯಾಳ ಎಡಗೈ

ನೀರಿನ ಕೊಡವನ್ನು ಹೊಸ್ತಿಲಲ್ಲಿ ಇಳಿಸುತ್ತ ಜುವೇನಾ ಒಳಗೆ ಇಣುಕಿದಳು. ಬೀ ರಯಾಳ ಶವ ಹಲಗೆಯ ಮೇಲೆ ಹಾಗೆಯೇ ಇತ್ತು. ಟಾಂಗಾ ಪಟ್ಟಣದ ಈ ಓಣಿಯಲ್ಲಿ ಹೆಂಗಸರ ಶವವನ್ನು ಕ್ರಮದಂತೆ ಮೀಯಿಸಬಲ್ಲವಳು ಜುವೇನಾಳ ತಾಯಿ ಬೀ ಕಿಜಾ ಒಬ್ಬಳೇ. ಅವಳೋ ಅಂಗಳದ ಚಾಪೆ ಬಿಟ್ಟು ಏಳುತ್ತಿರಲಿಲ್ಲ.

“ಏಳೇ ಕಿಜಕ್ಕ, ಮಧ್ಯಾಹ್ನದ ನಮಾಜಿಗೆ ಹೊರಡಿಸ್ಬೇಕು. ಗಂಡಸರು ಮಸೀದಿ ಹತ್ರ ಕಾಯ್ತಿದ್ದಾರೆ,” ಎಂದಳು ನೆರೆಮನೆಯ ಪಿಲಿ.

“ಮುಮಿಯಾನಿ ಮೈಗೆ ನಾನು ಕೈ ಹಚ್ಚಲ್ಲ.”

“ಸತ್ತೋರನ್ನ ಹಾಗನ್ಬೇಡ. ಆ ಹೆಸರಿಟ್ಟವಳೂ ನೀನೇ. ರಕ್ತ ಹೀರೋಳ ಮನೆ ಅಂತ ಓಣಿ ಮಕ್ಕಳು ಇವತ್ತಿಗೂ ಈ ಬಾಗಿಲು ಕಂಡ್ರೆ ಓಡ್ತವೆ.”

“ಹೀರಿದ್ಲಲ್ಲ! ಸುಟ್ಟ ಕೂಸಿಗೆ ದಿನಾ ಬೆಳಿಗ್ಗೆ ಚುಚ್ಚಿದ್ಲಲ್ಲ! ನಿನ್ನ ಕೂಸಾಗಿದ್ರೆ ಗೊತ್ತಾಗ್ತಿತ್ತು.”

ಜುವೇನಾ ಸುಟ್ಟು ಸುಕ್ಕುಗಟ್ಟಿದ ತನ್ನ ತೋಳನ್ನು ಹೊದ್ದ ಕಾಂಗಾ ಬಟ್ಟೆಯ ಸೆರಗಿನೊಳಗೆ ಎಳೆದುಕೊಂಡಳು.

*

ಸೀಮೆಎಣ್ಣೆ ಒಲೆ ಭಗ್ಗೆಂದಾಗ ಅವಳಿನ್ನೂ ಚಿಕ್ಕವಳು. ಗಾಯ ಅಷ್ಟೇನೂ ದೊಡ್ಡದಲ್ಲವೆಂದೇ ಎಲ್ಲರೂ ತಿಳಿದಿದ್ದರು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದ ಬೀ ರಯಾ ಒಂದು ಹನಿಯನ್ನು ಗಾಜಿಗೆ ಸವರಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಬಂದವಳೇ ಹಾಸಿಗೆಯ ಅಂಚಿಗೆ ಕುಳಿತಳು.

“ನಿನ್ನ ಚರ್ಮ ಸುಳ್ಳು ಹೇಳ್ತಿದೆ ಪುಟ್ಟಿ. ರಕ್ತದಲ್ಲಿ ಬಿಳೀ ಕಣ ಅಂತ ಕಾವಲುಗಾರರು ಇರ್ತಾರೆ. ದೊಡ್ಡೋರು ಸಾಲದೆ ನಿನ್ನ ಮೈ ಈಗ ಎಳೆಯರನ್ನೇ ಕಾಳಗಕ್ಕೆ ಕಳಿಸ್ತಿದೆ. ಒಳಗಿನ ಪೆಟ್ಟು ಜೋರಾಗಿದ್ರೇನೇ ಹಾಗೆ ಮಾಡೋದು. ಎಳೆಯರು ಮನೆಗೆ ಮರಳೋ ತನಕ ದಿನಾ ನೋಡ್ಬೇಕು.”

“ಚುಚ್ಚಬೇಡ!”

“ಮೊದಲು ನನಗೆ.” ತನ್ನ ಎಡಗೈ ಬೆರಳಿಗೆ ಚುಚ್ಚಿಕೊಂಡಳು. “ನೋಡು, ನಂದೂ ಕೆಂಪೇ.” ಆಮೇಲೆ ಬೇರೊಂದು ಹೊಸ ಸೂಜಿ ಬಿಚ್ಚಿದಳು.

ಆ ಹನಿಯನ್ನು ನಂಬಿಯೇ ಡಾಕ್ಟರು ಜುವೇನಾಳನ್ನು ಮನೆಗೆ ಕಳಿಸದೆ ಉಳಿಸಿಕೊಂಡರು. ಆ ವಾರ್ಡಿನ ಪ್ರತಿ ಮಗುವಿನ ಮುಂದೆಯೂ ಬೀ ರಯಾಳದು ಅದೇ ಕ್ರಮ. ಆದರೆ ಗಂಜಿ ತರಲು ಹೋದ ತಾಯಿ ಮರಳುವ ಹೊತ್ತಿಗೆ ಕಾಣುತ್ತಿದ್ದದ್ದು ಮಗಳ ಮೈಯಲ್ಲಿನ ಸೂಜಿ ಮಾತ್ರ. ಒಂದು ಬೆಳಿಗ್ಗೆ ಅವಳು ಗಂಜಿಯ ಬಟ್ಟಲನ್ನೇ ಎಸೆದು, ವಾರ್ಡೆಲ್ಲ ಕೇಳುವಂತೆ ಕೂಗಿದಳು: ಮುಮಿಯಾನಿ! ಬೀ ರಯಾ ಅಂಗಿ ಒರೆಸಿಕೊಂಡಳು, ಗಾಜಿನ ಪಟ್ಟಿ ಎತ್ತಿಕೊಂಡು ಹೋದಳು. ಮುಂದೆ ಜುವೇನಾ ನಡೆದದ್ದನ್ನು ಹೇಳಹೊರಟಾಗೆಲ್ಲ ತಾಯಿ ಕಿವಿ ಮುಚ್ಚಿಕೊಂಡಳು.

*

“ನೀನು ಏಳದಿದ್ರೆ ನಾನೇ ಮೀಯಿಸ್ತೀನಿ ಅಮ್ಮ.”

“ನಿಂಗೆ ಕ್ರಮ ಗೊತ್ತಾ?”

“ಇಲ್ಲ. ತಪ್ಪಾದ್ರೆ ದೇವರು ನಿನ್ನನ್ನೇ ಕೇಳ್ತಾನೆ.”

ಬೀ ಕಿಜಾ ಬೈಯುತ್ತಲೇ ಎದ್ದು ಒಳಬಂದು ಪರದೆ ಎಳೆದಳು. ಬಿಸ್ಮಿಲ್ಲಾ ಎಂದು ಬೋರೆ ಎಲೆಯ ನೀರಿಗೆ ಬಟ್ಟೆ ಅದ್ದಿದಳು. ಬಲಗೈ ಮುಗಿಸಿ ಎಡಗೈ ಎತ್ತಿದವಳು ಹಾಗೆಯೇ ನಿಂತಳು. ಬೆರಳ ತುದಿಗಳೆಲ್ಲ ಜಡ್ಡುಗಟ್ಟಿ ಚುಕ್ಕೆ ಚುಕ್ಕೆಯಾಗಿದ್ದವು.

“ಇದೇನಿದು? ಹೊಲಿಗೆ ಮಾಡ್ತಿದ್ಲಾ?”

“ಇಲ್ಲಮ್ಮ. ನಮಗೆ ಚುಚ್ಚೋ ಮೊದಲು ತನಗೇ ಚುಚ್ಕೊಳ್ತಿದ್ಲು. ನಾವು ಹೆದರಬಾರ್ದು ಅಂತ.”

ಈ ಸಲ ಕಿವಿ ಮುಚ್ಚಿಕೊಳ್ಳಲು ತಾಯಿಯ ಕೈಗೆ ಬಿಡುವಿರಲಿಲ್ಲ.

“ಆಯ್ತೇನೇ?” ಪರದೆಯಾಚೆಯಿಂದ ಪಿಲಿ ಕೂಗಿದಳು.

ಬೀ ಕಿಜಾ ಆ ಎಡಗೈಯನ್ನು ಚಾಚಿ ಹಿಡಿದಳು. “ಹುಯ್ಯಿ,” ಎಂದಳು ಮಗಳಿಗೆ.

ಜುವೇನಾ ಮೂರು ಸಲ ಹುಯ್ದು ಚೊಂಬು ಇಳಿಸಿದಳು.

“ಇನ್ನೂ ಹುಯ್ಯಿ. ಬೆಸ ಆದ್ರೆ ಸಾಕು, ಐದು ಮಾಡೋಣ.”

ಐದಾಯಿತು.

“ಏಳು ಸಲ ಆಗ್ಲಿ,” ಎಂದಳು ತಾಯಿ.

ಜುವೇನಾಳ ಸುಟ್ಟ ತೋಳು ಮತ್ತೆ ಚೊಂಬು ಎತ್ತಿತು. ನೀರು ಹರಿಯುತ್ತಲೇ ಇತ್ತು. ಸೂಜಿ ತೆಗೆದ ಮೇಲೆ ರಕ್ತ ನಿಲ್ಲಲೆಂದು ಒತ್ತಿ ಹಿಡಿಯುವ ಹಾಗೆ, ತಾಯಿಯ ಹೆಬ್ಬೆರಳು ಆ ಚುಕ್ಕೆಗಳ ಮೇಲೆಯೇ ಇತ್ತು.