ಸತ್ತ ಕಿವಿಗೆ ಕೇಳಿದ ಸೋರಿಕೆ

ಗ್ಯಾರೇಜ್ ಮೇಸ್ತ್ರಿಯ ಎಡಗಿವಿ ಸತ್ತು ಬಹಳ ಕಾಲವಾಗಿತ್ತು. ಯಾವುದೋ ಲಾರಿಯ ಟಯರು ಮುಖದ ಪಕ್ಕದಲ್ಲೇ ಸಿಡಿದಿತ್ತು. ಅಂದಿನಿಂದ ಆ ಕಡೆ ನಿಂತು ಯಾರು ಎಷ್ಟು ಬೈದರೂ ಅವನಿಗೆ ಆಶೀರ್ವಾದವೇ. ಜಗಳ ತೆಗೆಯಬೇಕಾದಾಗ ಹೆಂಡತಿ ಮರೆಯದೆ ಬಲಕ್ಕೆ ಬಂದು ನಿಲ್ಲುತ್ತಿದ್ದಳು.

ಅಂಥವನಿಗೆ ಆ ಬೆಳಿಗ್ಗೆ, ಭಾವಮೈದನ ಪಿಕಪ್ಪಿನ ಬಾನೆಟ್ಟಿನೊಳಗೆ ತಲೆ ತೂರಿಸಿದ್ದಾಗ, ಎಡಗಿವಿಯಲ್ಲಿ ಸುಸ್ಸೆಂದು ಗಾಳಿ ಸೋರುವ ಸದ್ದು ಕೇಳಿಸಿತು.

ಭಾವಮೈದನೆಂದರೆ ಹೆಂಡತಿಯ ಒಬ್ಬನೇ ತಮ್ಮ. ಅಂಗಡಿಯಿಂದ ಅಂಗಡಿಗೆ ಕಿಟಕಿ ಗಾಜು ಸಾಗಿಸುವವನು, ಬಾಯಿಗೆ ಬೀಗವಿಲ್ಲ. ಗುಡ್ಡದ ಮೇಲಿನ ಹೊಸ ಕಟ್ಟಡಕ್ಕೆ ಮಧ್ಯಾಹ್ನ ಒಂದು ಲೋಡು ಗಾಜು ಏರಿಸಬೇಕಿತ್ತು. ಗಾಡಿ ನೋಡಿದರೆ, ಸಮತಟ್ಟಿನಲ್ಲಿ ಕುದುರೆ. ಏರು ಬಂತೋ, ಎಕ್ಸಲರೇಟರ್ ಎಷ್ಟು ತುಳಿದರೂ ಕಪ್ಪು ಹೊಗೆ ಉಗುಳಿ ನಿಂತೇಬಿಡುವುದು. ಕೆಲಸ ಕಂಡಾಗ ನಮ್ಮನೆ ಅಳಿಯ ಮಾಡೋ ಹಾಗೇ ಮಾಡುತ್ತೆ ಎಂದು ಅವನು ದೂರಿದ. ಆ ಮನೆಗೆ ಇದ್ದ ಒಬ್ಬನೇ ಅಳಿಯ ಮೇಸ್ತ್ರಿ.

ಇಂಜಿನ್ನಿಗೆ ಗಾಳಿ ಒತ್ತಿ ತುಂಬುವುದು ಟರ್ಬೊ. ಅದು ಒತ್ತಿದ ಗಾಳಿ ದಾರಿಯಲ್ಲೆಲ್ಲೋ ಸೋರಿದರೆ ಗಾಡಿಗೆ ಏರು ಹತ್ತುವ ಕಸುವು, ಅಂದರೆ ಬೂಸ್ಟ್, ಸಿಗದು. ಮೇಸ್ತ್ರಿ ಟರ್ಬೊದ ಬಾಯಿ ಮುಚ್ಚಿ ಕಂಪ್ರೆಸರಿನಿಂದ ಗಾಳಿ ಬಿಟ್ಟು, ಪೈಪುಗಳ ಮೇಲೆಲ್ಲ ಸೋಪಿನ ನೀರು ಚಿಮುಕಿಸಿ ನೋಡಿದ. ಒಂದು ಗುಳ್ಳೆಯೂ ಏಳಲಿಲ್ಲ. ಬಲಗಿವಿಗೆ ಏನೂ ಇಲ್ಲ. ಎಡಗಿವಿ ಮಾತ್ರ ಸುಸ್ಸೆನ್ನುತ್ತಲೇ ಇತ್ತು.

ಯಾರಿಗಾದರೂ ಹೇಳಿದರೆ ನಗುತ್ತಾರೆ. ಸುಮ್ಮನೆ ಒಂದು ರಬ್ಬರ್ ಕೊಳವೆಯ ತುದಿಯನ್ನು ಆ ಕಿವಿಗೆ ಸಿಕ್ಕಿಸಿಕೊಂಡು, ಇನ್ನೊಂದು ತುದಿಯನ್ನು ಪೈಪುಗಳ ಗುಂಟ ಆಡಿಸಿದ. ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ ಹೋಗುವ ದಪ್ಪ ರಬ್ಬರ್ ಹೋಸಿನ ಹೊಟ್ಟೆಯ ಕೆಳಗೆ ಸದ್ದು ಜೋರಾಯಿತು. ಹೋಸನ್ನು ಹಿಡಿದು ತಿರುಚಿದ್ದೇ ತಡ, ಸೀಳು ಬಾಯಿ ಬಿಟ್ಟು ನೊರೆ ಉಕ್ಕಿತು. ಎಳೆತ ಬಿದ್ದಾಗ ಮಾತ್ರ ತೆರೆದುಕೊಳ್ಳುವ ಸೀಳು. ಮೈಯೆಲ್ಲ ಜುಮ್ಮೆಂದರೂ ಸತ್ತ ಕಿವಿ ಮರಳಿ ಬಂತೆಂದು ಅವನಿಗೆ ಖುಷಿಯೂ ಆಯಿತು.

ಹೊಸ ಹೋಸು ಹಾಕಿ, ಕ್ಲಾಂಪು ಬಿಗಿದು, ಇಬ್ಬರೂ ಗುಡ್ಡದ ಬುಡದ ಏರಿನವರೆಗೆ ಹೋಗಿಬಂದರು. ಬೂಸ್ಟ್ ಗೇಜಿನ ಮುಳ್ಳು ಸರಾಗವಾಗಿ ಮೇಲೇರಿತು. ಹೊಗೆಯಿಲ್ಲ. ಭಾವಮೈದ ಸ್ಟಿಯರಿಂಗ್ ಬಡಿದು, ಇನ್ನು ಮೇಲೆ ಅಳಿಯನನ್ನು ಬೈಯುವುದಿಲ್ಲ, ಬೈದರೂ ಎಡಕ್ಕೆ ನಿಂತೇ ಬೈಯುತ್ತೇನೆ ಎಂದ.

ಮೇಸ್ತ್ರಿ ನಗಲಿಲ್ಲ. ಸುಸ್ಸೆನ್ನುವ ಸದ್ದು ನಿಂತಿರಲಿಲ್ಲ.

ಗ್ಯಾರೇಜಿಗೆ ಬಂದು ಇಂಜಿನ್ ಆರಿಸಿದರೂ ನಿಲ್ಲಲಿಲ್ಲ. ಕೆಳಗಿಳಿದು ನೀರಿನ ತೊಟ್ಟಿಯವರೆಗೆ ನಡೆದ, ಕಡಿಮೆಯಾಯಿತು. ಮರಳಿ ಬಂದ, ಜೋರಾಯಿತು. ಕೊಳವೆಯನ್ನು ಕಿವಿಗೆ ಸಿಕ್ಕಿಸಿ ಡ್ಯಾಶ್‌ಬೋರ್ಡಿಗೆ ಹಿಡಿದ, ಬಾಗಿಲಿಗೆ ಹಿಡಿದ, ಸೀಟಿಗೆ ಹಿಡಿದ. ಕೊನೆಗೆ ಆ ತುದಿ ಭಾವಮೈದನ ಅಂಗಿಯ ಜೇಬಿನ ಮೇಲೆ ಬಂದು ನಿಂತಿತು. ಅಲ್ಲಿ ಸದ್ದು ಕಿವಿ ತುಂಬಿತು. ತಿರುಚಿದಾಗ ಬಾಯಿ ಬಿಟ್ಟ ಹೋಸಿನ ಸದ್ದಿನಂತೆಯೇ ಇತ್ತು; ಆದರೆ ಎದೆಬಡಿತದ ಲಯಕ್ಕೆ ಸರಿಯಾಗಿ, ಬಿಟ್ಟು ಬಿಟ್ಟು.

"ಏನ್ ಭಾವ, ನಂಗೂ ಬೂಸ್ಟ್ ಇಲ್ವಾ?" ಎಂದ ಅವನು.

"ಮೆಟ್ಟಿಲು ಹತ್ತೋವಾಗ ಉಸಿರು ಕಟ್ಟುತ್ತಾ?"

ಅವನು ಕಿಟಕಿಯ ಆಚೆ ನೋಡಿದ. "ರಾತ್ರಿ ಮಲಗೋಕೂ ಆಗಲ್ಲ, ದಿಂಬಿಗೆ ಒರಗಿ ಕೂತೇ ಇರ್ತೀನಿ. ಅಕ್ಕಂಗೆ ಹೇಳ್ಬೇಡಿ. ಈ ಲೋಡ್ ಒಂದು ಮುಗೀಲಿ."

ಆ ಗುಡ್ಡದ ದಾರಿ ಮೇಸ್ತ್ರಿಗೆ ಗೊತ್ತಿತ್ತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಬರೀ ಗಾಳಿ. ಬೆನ್ನ ಹಿಂದೆ ಗಾಜು, ಸ್ಟಿಯರಿಂಗಿನ ಮುಂದೆ ಇವನೊಬ್ಬನೇ. ಡಾಕ್ಟರ ಹತ್ತಿರ ಹೋಗು ಎಂದರೆ ನಕ್ಕು ಗಾಡಿ ಹತ್ತುವ ಆಸಾಮಿ. ಕೀ ಕಸಿದಿಟ್ಟುಕೊಂಡರೆ ಇನ್ನೊಂದು ಕೀ ತರುವವನು.

ಒಮ್ಮೆ ನೋಡಿಬಿಡುತ್ತೇನೆ ಎಂದು ಮೇಸ್ತ್ರಿ ಬಾನೆಟ್ಟು ಎತ್ತಿದ. ತಾನೇ ಬಿಗಿದ ಕ್ಲಾಂಪನ್ನು ಸಡಿಲಿಸಿ, ಹೋಸಿನ ಬಾಯಿಯನ್ನು ಅರ್ಧ ಕಳಚಿಟ್ಟ. ಇಷ್ಟು ವರ್ಷದಲ್ಲಿ ಬೇಕೆಂದೇ ಗಾಡಿ ಕೆಡಿಸಿದ್ದು ಅದೇ ಮೊದಲು. ಸ್ಟಾರ್ಟ್ ಮಾಡಿ ರೇಸ್ ಕೊಟ್ಟರೆ ಗ್ಯಾರೇಜು ತುಂಬ ಕರಿ ಹೊಗೆ.

ಭಾವಮೈದ ಅಲ್ಲಿದ್ದವರೆಲ್ಲರ ಎದುರಿಗೇ ಆಡಿಕೊಂಡ. ಕಿವಿ ಹೋಗಿದ್ದು ಗೊತ್ತಿತ್ತು, ಕೈಯೂ ಹೋಯಿತೆಂದು ಗೊತ್ತಿರಲಿಲ್ಲ ಎಂದ. ಮೇಸ್ತ್ರಿ ಬಲಗಿವಿಯಿಂದ ಎಲ್ಲವನ್ನೂ ಕೇಳಿಸಿಕೊಂಡ. ಪಾರ್ಟ್ ಬದಲಾಯಿಸಬೇಕು, ತೋರಿಸಿ ತರೋಣ ಬಾ ಎಂದು ಸ್ಕೂಟರ್ ತೆಗೆದ. ದಾರಿಯುದ್ದಕ್ಕೂ ಆ ಸದ್ದು ಅವನ ಬೆನ್ನಿಗೆ ಒರಗಿಕೊಂಡೇ ಬಂತು.

ಆಸ್ಪತ್ರೆಯ ಗೇಟಿನ ಮುಂದೆ ಸ್ಕೂಟರ್ ನಿಂತಿತು.

"ಇಲ್ಲಿ ಯಾವ ಪಾರ್ಟ್ ಸಿಗುತ್ತೆ ಭಾವ?"

"ನಿನ್ನ ಗಾಡಿಗೇನೂ ಆಗಿಲ್ಲ. ನಾನೇ ಸಡಿಲ ಮಾಡ್ದೆ."

ಭಾವಮೈದ ಸ್ಕೂಟರಿನಿಂದ ಇಳಿದು, ಎರಡು ಮೆಟ್ಟಿಲಿಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತ ಒಳಗೆ ಹೋದ.

ಮೊದಲು ಡಾಕ್ಟರು ಎದೆಗೆ ಕಿವಿಗೊಟ್ಟರು. ಆಮೇಲೆ ನರ್ಸು ಓಡಿಬಂದಳು, ಇನ್ನೊಬ್ಬ ಡಾಕ್ಟರೂ ಬಂದರು, ಬಾಗಿಲು ಮುಚ್ಚಿತು. ಮೇಸ್ತ್ರಿ ಹೊರಗಿನ ಬೆಂಚಿನಲ್ಲಿ ಕುಳಿತ. ಗೋಡೆಯನ್ನೂ ಬಾಗಿಲನ್ನೂ ದಾಟಿ ಸದ್ದು ಎಡಗಿವಿಗೆ ಬರುತ್ತಲೇ ಇತ್ತು. ಇಷ್ಟು ಹೊತ್ತು ಹೆದರಿಸಿದ ಸದ್ದನ್ನೇ ಈಗ ಅವನು ಜೋಪಾನವಾಗಿ ಹಿಡಿದುಕೊಂಡ. ಅಂಗೈಯಿಂದ ಬಲಗಿವಿ ಮುಚ್ಚಿದ. ಅದೊಂದೇ ಉಳಿಯಿತು.

ಹಾಗೆ ಕೇಳುತ್ತಿರುವಾಗಲೇ ಅದು ನಿಂತುಹೋಯಿತು.

ಸೋರುವ ಸದ್ದು ನಿಲ್ಲುವುದಕ್ಕೆ ಎರಡೇ ಕಾರಣ: ತೂತು ಮುಚ್ಚಿರಬೇಕು, ಇಲ್ಲವೇ ಒಳಗಿನ ಗಾಳಿ ಮುಗಿದಿರಬೇಕು. ಯಾವುದೆಂದು ಎಡಗಿವಿ ಹೇಳಲಿಲ್ಲ. ಮೇಸ್ತ್ರಿ ಎದ್ದು, ತೆರೆಯದ ಆ ಬಾಗಿಲಿಗೆ ಬಲಗಿವಿ ಆನಿಸಿ ನಿಂತ.