ತಾಯವ್ವನಿಗಾಗಿ ಕೂಗಿದವರು

ಹರಪನಹಳ್ಳಿಯ ಸೋಮಶೇಖರ ಸಾವ್ಕಾರರ ಗೋದಾಮಿಗೆ ಸಿನಿಮಾದವರು ಬಂದ ಮೇಲೆ ಹುಲುಗಮ್ಮನಿಗೆ ಎರಡು ಕೆಲಸವಾಯಿತು. ಬೆಳಿಗ್ಗೆ ಮೆಕ್ಕೆಜೋಳದ ಕಸ ಹೊಡೆಯುವುದು, ಮಧ್ಯಾಹ್ನ ಕ್ಯಾಮೆರಾ ಮುಂದೆ ಅದೇ ಕಸ ಹೊಡೆಯುವುದು. ಮಧ್ಯಾಹ್ನದ ಕೆಲಸಕ್ಕೆ ಮುಖಕ್ಕೆ ಧೂಳು ಬಳಿಯಲೆಂದೇ ಒಬ್ಬ ಹುಡುಗಿಯಿದ್ದಳು. “ಇರೋ ಧೂಳು ಸಾಲದೇನವ್ವಾ?” ಎಂದು ಹುಲುಗಮ್ಮ ಕೇಳಿದ್ದಕ್ಕೆ ಹಮಾಲರೆಲ್ಲ ಬಿದ್ದು ಬಿದ್ದು ನಕ್ಕಿದ್ದರು.

ಹಮಾಲರ ಸಂಘದ ಮೇಲಿನ ಸಿನಿಮಾ ಅದು. ಕಸ ಹೊಡೆಯುವ ತಾಯವ್ವ ಸಾವ್ಕಾರನಿಗೆ ಎದುರಾಡುತ್ತಾಳೆ, ಅವನು ಅವಳನ್ನು ಕೆಲಸದಿಂದ ಓಡಿಸುತ್ತಾನೆ, ಹಮಾಲರು ಚೀಲ ಕೆಳಗಿಟ್ಟು ಅವಳಿಗಾಗಿ ಮುಷ್ಕರ ಹೂಡುತ್ತಾರೆ. ಬೆಂಗಳೂರಿನ ನಿರ್ದೇಶಕ ತಾಯವ್ವನ ಪಾತ್ರಕ್ಕೆ ಹುಲುಗಮ್ಮನನ್ನೇ ಆರಿಸಿಕೊಂಡ. ಗಂಡ ಗಾದೆಪ್ಪ ಇದೇ ಗೋದಾಮಿನಲ್ಲಿ ಚೀಲ ಹೊತ್ತು ಸೊಂಟ ಕಳೆದುಕೊಂಡು ಮೂಲೆ ಹಿಡಿದಿದ್ದ. ಮನೆಯ ಒಲೆ ಉರಿಯುತ್ತಿದ್ದುದು ಅವಳ ಕಸಬರಿಗೆಯಿಂದ.

ಆ ಗೋದಾಮಿನಲ್ಲಿ ಹೆಣ್ಣಾಳುಗಳು ಸಾವ್ಕಾರನೊಂದಿಗೆ ನೇರ ಮಾತಾಡುವಂತಿಲ್ಲ. ಏನಿದ್ದರೂ ಮೇಸ್ತ್ರಿ ರಾಮಾಂಜನೇಯನ ಬಾಯಿಂದಲೇ ಹೋಗಬೇಕು. ಚೀಲದಿಂದ ಉದುರಿದ ಕಾಳು ಕಸ ಹೊಡೆದವಳಿಗೆ ಎಂಬುದೂ ಅಲ್ಲಿಯ ಪದ್ಧತಿಯೇ. ಹೋದ ಸುಗ್ಗಿಯಿಂದ ಸಾವ್ಕಾರ ಆ ಕಾಳನ್ನೂ ಸಾಣಿಗೆ ಹಿಡಿಸಿ ತನ್ನ ಚೀಲಕ್ಕೆ ತುಂಬಿಸಿಕೊಳ್ಳುತ್ತಿದ್ದ. “ಸಾವ್ಕಾರ್ರನ್ನ ಒಂದು ಮಾತು ಕೇಳಪ್ಪಾ” ಎಂದು ಹುಲುಗಮ್ಮ ಮೇಸ್ತ್ರಿಗೆ ಹೇಳಿದ್ದಳು. “ಕೇಳ್ತೀನಿ ಬಿಡಕ್ಕಾ” ಅಂದವನು ಇನ್ನೂ ಕೇಳಿರಲಿಲ್ಲ.

ಎದುರಾಡುವ ದೃಶ್ಯದ ದಿನ ಸಾವ್ಕಾರನ ಪಾತ್ರದವನ ಕಾರು ಕೂಡ್ಲಿಗಿ ಹತ್ತಿರ ಕೆಟ್ಟು ನಿಂತಿತು. ಹುಲುಗಮ್ಮನ ಮುಖವಷ್ಟೇ ಸಾಕು, ಎದುರಿಗೆ ಯಾರಾದರೂ ಕೂತರೆ ನಡೆಯುತ್ತದೆ ಎಂದ ನಿರ್ದೇಶಕ.

“ನಾನ ಕುಂದರ್ತೀನಿ ತಗೋರಿ,” ಎಂದು ಸೋಮಶೇಖರ ಕುರ್ಚಿ ಎಳೆದುಕೊಂಡ. “ಬೈಸ್ಕೊಳ್ಳಾಕ ಏನು ಖರ್ಚು ಐತಿ?”

ಹುಲುಗಮ್ಮ ಬರೆದುಕೊಟ್ಟ ಮಾತನ್ನು ನೆಲ ನೋಡುತ್ತ ಒಪ್ಪಿಸಿದಳು.

“ಅಮ್ಮಾ, ಬರೆದಿದ್ದು ಬಿಡಿ,” ಎಂದ ನಿರ್ದೇಶಕ. “ಹೊಟ್ಟೆಯಲ್ಲಿ ಇರೋದನ್ನ ಹೇಳಿ. ಇದು ಸಿನಿಮಾ, ಯಾಕೆ ಹೆದರ್ತೀರಿ?”

ಅವಳು ರಾಮಾಂಜನೇಯನ ಕಡೆ ನೋಡಿದಳು.

“ಹೇಳಕ್ಕಾ. ಸಾವ್ಕಾರ್ರ ಒಪ್ಯಾರ.”

ಮೇಸ್ತ್ರಿ ಹೇಳು ಎಂದರೆ ಅದೂ ಒಂದು ಕೆಲಸವೇ. ಹುಲುಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ಲೇ ಸೋಮಶೇಖರಾ! ರೈತರ ಕಾಳು ತಿಂದಿ, ಹಮಾಲರ ಸೊಂಟ ತಿಂದಿ, ಹೊಟ್ಟಿ ತುಂಬಲಿಲ್ಲೇನು? ನಾ ಬಗ್ಗಿ ಬಗ್ಗಿ ಬಳದಿದ್ದ ಉದುರುಕಾಳಿಗೂ ಸಾಣಿಗಿ ಹಿಡಸ್ತೀಯಲ್ಲೋ! ಕೋಳಿ ತಿನ್ನೋದಕ್ಕೂ ಬಾಯಿ ಹಾಕ್ತೀ, ನಾಚಿಗಿ ಐತೇನು ನಿನಗ?”

ಟ್ರ್ಯಾಕ್ಟರ್ ಮೇಲೆ ಕೂತಿದ್ದ ರೈತನೊಬ್ಬ ಸಿಳ್ಳೆ ಹಾಕಿದ. ಬಾಗಿಲಲ್ಲಿ ನೆರೆದಿದ್ದ ಜನ ಹೋ ಎಂದು ನಕ್ಕರು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ಸೋಮಶೇಖರನೇ. “ಭೇಷ್! ಆಕಿಗೆ ಒಂದು ಚಾ ಕೊಡ್ರಲೇ.”

ಮರುದಿನ ಬೆಳಿಗ್ಗೆ ರಾಮಾಂಜನೇಯ ಗೇಟಿಗೆ ಅಡ್ಡ ನಿಂತಿದ್ದ.

“ನಿನ್ನ ಒಳಗ ಬಿಡಬ್ಯಾಡ ಅಂದಾರಕ್ಕಾ.”

“ಸಿನಿಮಾದ ಮಾತಲ್ಲೇನೋ ಅದು?”

“ಸಿನಿಮಾದಾಗ ಸಾವ್ಕಾರನ ಹೆಸರು ಬ್ಯಾರೆ ಇತ್ತಲ್ಲ.”

“ನೀನ ಹೇಳು ಅಂದಿ!”

“ಅಂದೆ. ಇಷ್ಟು ಹೇಳ್ತಿ ಅಂತ ನನಗೇನು ಗೊತ್ತು?” ಅವನು ಆಚೀಚೆ ನೋಡಿ ದನಿ ತಗ್ಗಿಸಿದ. “ಓಬಮ್ಮನ್ನ ಕರಸ್ಯಾರ. ಆಗಲೇ ಕಸ ಹೊಡಿಯಾಕತ್ಯಾಳ.”

ಹುಲುಗಮ್ಮ ಮನೆಗೆ ಹೋಗಲಿಲ್ಲ. ಗಾದೆಪ್ಪನಿಗೆ ಏನೆಂದು ಹೇಳುವುದು? ಗೋಡೆಯ ನೆರಳಿಗೆ ಕೂತಳು. ನೆರಳು ಕರಗಿದ ಮೇಲೂ ಅಲ್ಲೇ ಕೂತಿದ್ದಳು. ಮಧ್ಯಾಹ್ನ ಸಿನಿಮಾದವನೊಬ್ಬ ಓಡಿ ಬಂದ. “ಇಲ್ಲಿದೀರಾ? ಇವತ್ತು ಮುಷ್ಕರದ ಸೀನು, ತಾಯವ್ವ ಇಲ್ಲದೆ ಹೇಗೆ ತೆಗೆಯೋದು?” ಅವನ ಹಿಂದೆ ಬಂದವಳನ್ನು ಗೇಟಿನಲ್ಲಿ ಯಾರೂ ತಡೆಯಲಿಲ್ಲ.

ಅವಳನ್ನು ನಡುವೆ ಕೂರಿಸಿ ಸುತ್ತ ಹಮಾಲರನ್ನು ನಿಲ್ಲಿಸಿದರು. ನಿರ್ದೇಶಕ ಕೈ ಬೀಸಿದ. ಮುಷ್ಟಿಗಳು ಮೇಲೆದ್ದವು.

“ತಾಯವ್ವನ್ನ ಒಳಗ ತಗೋರಿ! ಇಲ್ಲಾಂದ್ರ ಒಂದು ಚೀಲಾನೂ ಎತ್ತಂಗಿಲ್ಲ!”

ಅವರೊಂದಿಗೆ ಕೂಗುತ್ತಿದ್ದ ರಾಮಾಂಜನೇಯನ ಕೊರಳ ನರ ಉಬ್ಬಿತು. ಗಾದೆಪ್ಪನ ಜೋಡಿ ಹಮಾಲಿ ಮಾಡಿದ ಗವಿಸಿದ್ದೇಶನಂತೂ ಅಳುತ್ತಲೇ ಚೀಲ ಎತ್ತಿ ಒಗೆದ. ಕಾರು ರಿಪೇರಿಯಾಗಿ ಬಂದಿದ್ದ ಸಿನಿಮಾದ ಸಾವ್ಕಾರ ಬೆವರೊರೆಸಿಕೊಂಡು ಸೋಲೊಪ್ಪಿದ. ಹುಲುಗಮ್ಮನ ಕಣ್ಣು ತುಂಬಿತು. ಇವರಿಗೆ ಹೀಗೆ ಕೂಗಲು ಬರುತ್ತದೆ!

“ಕಟ್” ಎಂದರು. ಅವಳು ಎದ್ದು ನಿಂತಳು.

“ನಮ್ಮ ಸಾವ್ಕಾರ್ರು ಅಲ್ಲೇ ಕುಂತಾರ ನೋಡ್ರಪ್ಪಾ. ಈಗಂದದ್ದನ್ನ ಒಂದು ಸಲ ಅವರ ಮುಂದ ಅನ್ರಿ. ತಾಯವ್ವ ಅನ್ನೋ ಕಡಿ ಹುಲುಗಮ್ಮ ಅನ್ರಿ, ಅಷ್ಟ. ಗವಿಸಿದ್ದೇಶಾ, ನೀನರ ಅನ್ನಪ್ಪಾ.”

ಗವಿಸಿದ್ದೇಶ ಬಗ್ಗಿ, ಒಗೆದ ಚೀಲದ ಬಾಯಿ ಕಟ್ಟತೊಡಗಿದ.

“ಅನ್ರಲೇ,” ಎಂದ ಸೋಮಶೇಖರ, ಕುರ್ಚಿಯಿಂದ ಏಳದೆ. “ನಾನೇನು ಬ್ಯಾಡ ಅಂದೆನಾ? ಅಂದಾವ್ರು ಆಕಿ ಜೋಡಿನ ಹೊರಗ ಹೊಂಡ್ರಿ.”

ಒಬ್ಬ ತಲೆಯ ವಸ್ತ್ರ ಬಿಚ್ಚಿ ಕೊಡವಿದ. ಇನ್ನೊಬ್ಬ ನೀರು ಕುಡಿಯಲು ಹೋದ.

“ಇನ್ನೊಂದು ಸಲ ಕೂಗಸ್ರಿ ಸಾರ್,” ಎಂದು ಸೋಮಶೇಖರ ನಿರ್ದೇಶಕನ ಕಡೆ ತಿರುಗಿದ. “ನನಗ ಭಾಳ ಸೇರ್ತು.”

“ನನಗೂ ಹಮಾಲರ ಹಿಂದಿನಿಂದ ಒಂದು ಶಾಟ್ ಬೇಕಿತ್ತು,” ಎಂದ ನಿರ್ದೇಶಕ. “ಅಮ್ಮಾ, ಕೂತ್ಕೊಳ್ಳಿ. ಆ ಕಣ್ಣೀರು ಒರೆಸ್ಕೋಬೇಡಿ.”

ಹುಲುಗಮ್ಮ ಕೂತಳು. ಸಾವ್ಕಾರನಿಗೆ ಸೇರಿದೆಯಲ್ಲ, ಮುಗಿದ ಮೇಲೆ ಮನಸ್ಸು ಕರಗೀತು ಎಂದು ಕೂತಳು. ಹಮಾಲರು ಹಗುರಾಗಿ ಓಡಿ ಬಂದು ತಮ್ಮ ತಮ್ಮ ಜಾಗದಲ್ಲಿ ನಿಂತರು. ಈ ಸಲ ತಗಡಿನ ಮಾಡು ನಡುಗುವ ಹಾಗೆ ಕೂಗಿದರು. ತಾಯವ್ವನ್ನ ಒಳಗ ತಗೋರಿ!

“ಮುಗೀತಂತಕ್ಕಾ, ಏಳು,” ಎಂದು ರಾಮಾಂಜನೇಯ ಅವಳ ರಟ್ಟೆ ಹಿಡಿದು ಎಬ್ಬಿಸಿದ. ಕೂಗಿ ಕೂಗಿ ಅವನ ದನಿ ಒಡೆದಿತ್ತು. ಗೇಟಿನ ಹೊರಗೆ ಬಿಟ್ಟು, ಚಿಲಕ ಹಾಕಿಕೊಂಡು ಲಗುಬಗೆಯಿಂದ ಒಳಗೆ ನಡೆದ. ಲಾರಿಯ ಲೋಡು ತಡವಾಗಿತ್ತು.