ಬೆನ್ನಿಗೆ ಬರೆಯದ ಫೋಟೊಗಳು

ಎಂಬತ್ತೊಂದನೇ ಇಸವಿಯಲ್ಲಿ ಪೀಣ್ಯದ ಮಿಶ್ರಲೋಹ ಕಾರ್ಖಾನೆಯೊಂದರಲ್ಲಿ ಸೂಕ್ಷ್ಮದರ್ಶಕದ ಫೋಟೊ ತೊಳೆಯುತ್ತಿದ್ದ ಅಂಜನಮ್ಮ, ಪ್ರತಿ ಫೋಟೊದ ಬೆನ್ನಿಗೆ ಪೆನ್ಸಿಲಿನಲ್ಲಿ ವಿವರ ಬರೆದೇ ಒಣಗಲು ಹಾಕುತ್ತಿದ್ದಳು. ಅವತ್ತು ಮರೆತಳು.

ಕಾದ ಲೋಹವನ್ನು ತಟ್ಟನೆ ತಣಿಸಿ, ಒಂದು ಗಂಟೆ ಕಳೆದ ಮೇಲೆ ಎಂಟುನೂರು ಪಟ್ಟು ಹಿಗ್ಗಿಸಿ ತೆಗೆದದ್ದು ಒಂದು. ಎಂಟು ಗಂಟೆ ಕಳೆದ ಮೇಲೆ ಬರೀ ನಾನೂರು ಪಟ್ಟು ಹಿಗ್ಗಿಸಿ ತೆಗೆದದ್ದು ಇನ್ನೊಂದು. ಎರಡರಲ್ಲೂ ಒಂದೇ ಥರದ ಕಪ್ಪು ಬಿಳುಪು ಮಚ್ಚೆಗಳು. ಎಷ್ಟು ದಿಟ್ಟಿಸಿದರೂ ಯಾವುದು ಯಾವುದೆಂದು ತಿಳಿಯಲಿಲ್ಲ.

"ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!"

ಆ ಪ್ರಯೋಗ ಮಾಡಿಸುತ್ತಿದ್ದ ಭೌತವಿಜ್ಞಾನಿ ಹನುಮಂತಯ್ಯನವರ ಮುಂದೆ ಅಳುಕುತ್ತಲೇ ತಪ್ಪೊಪ್ಪಿಕೊಂಡಳು. ಅವರೂ ಫೋಟೊಗಳನ್ನು ಅದಲು ಬದಲು ಮಾಡಿ ನೋಡಿದರು. ಆಮೇಲೆ ಮೆಲ್ಲಗೆ ಕುರ್ಚಿ ಎಳೆದುಕೊಂಡು ಕೂತರು.

"ನನಗೂ ಗೊತ್ತಾಗ್ತಿಲ್ಲ ಕಣಮ್ಮ! ಹೊತ್ತು ಹೋದ ಹಾಗೆ ಲೋಹದೊಳಗಿನ ಮಚ್ಚೆ ಬೆಳೆಯುತ್ತೆ. ಅದು ಬೆಳೆದಷ್ಟೇ ನಾವೂ ಹಿಂದೆ ಸರಿದು ನೋಡಿದ್ರೆ, ಮತ್ತೆ ಅದೇ ಚಿತ್ರ. ಇನ್ನೂ ನೆಲೆಗೆ ನಿಲ್ಲದ ವಸ್ತುಗೂ ಒಂದು ನಿಯಮ ಇದೆ. ಎಲೆಕ್ಟ್ರಾನುಗಳಲ್ಲೂ ಇಂಥ ನಿಯಮ ಸಿಗುತ್ತಾ ಅಂತ ಆರು ವರ್ಷದಿಂದ ಕಾಗದದ ಮೇಲೆ ಲೆಕ್ಕ ಹಾಕ್ತಾ ಇದೀನಿ; ಹೀಗೆ ಕಣ್ಣಿಗೆ ಕಂಡಿದ್ದು ಇವತ್ತೇ."

ಅಂಜನಮ್ಮ ಮತ್ತೆ ನೋಡಿದಳು. ಈ ಸಲ ಮೈ ಜುಮ್ಮೆಂದಿತು.

"ನೆಗೆಟಿವ್ ಅಂಚಿನ ನಂಬರ್ ನೋಡಿದ್ರೆ ಗೊತ್ತಾಗುತ್ತೆ ಸಾರ್, ತರ್ಲಾ?"

"ಬೇಡಮ್ಮ. ಇನ್ನೊಂದು ಗಳಿಗೆ ಗೊತ್ತಿಲ್ದೇ ಇರೋಣ."